ಎರಡು ಮಗ್ಗುಲಿನ ಕೋಟು

ನಮ್ಮವರು ಕಾಲರ್ ತಿರುಗಿಸಿದರೆ ಅಂಗಿಯ ಒಡೆಯನಿಗೇ ಗುರುತು ಸಿಗುವುದಿಲ್ಲ. ಸವೆದ ಕಾಲರನ್ನು ಬಿಚ್ಚಿ, ಒಳಮಗ್ಗುಲನ್ನು ಹೊರಕ್ಕೆ ತಂದು, ಹಳೆಯ ಹೊಲಿಗೆಯ ತೂತುಗಳಲ್ಲೇ ಮತ್ತೆ ಸೂಜಿ ಹಾಯಿಸಿ ಕೂರಿಸುತ್ತಾರೆ. ಅಂಗಿಗೆ ಇನ್ನೂ ಮೂರು ವರ್ಷ ಆಯುಷ್ಯ. ಇಪ್ಪತ್ತೆರಡು ವರ್ಷದಿಂದ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ ನಾನು ಇದನ್ನು ನೋಡಿಕೊಂಡು ಬಂದಿದ್ದೇನೆ. ಗಂಡನನ್ನು ಹೊಗಳುವ ಅಭ್ಯಾಸ ನನಗಿಲ್ಲ, ಆದರೂ ಇದೊಂದನ್ನು ಒಪ್ಪಿಕೊಳ್ಳಲೇಬೇಕು.

ಅಂಥವರ ಕೆಲಸದಲ್ಲಿ ಹುಳುಕು ಹುಡುಕಿದ ಮೊದಲ ಗಿರಾಕಿ ನಮ್ಮ ಮಧ್ಯಮಣ್ಣ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಆ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ. ನಗರಸಭೆಯ ಅಧ್ಯಕ್ಷರು ಅವರು, ಈ ಸಲ ಮತ್ತೆ ಚುನಾವಣೆಗೆ ನಿಂತಿದ್ದರು. ಬಾಯಿ ತೆರೆದರೆ ಮಧ್ಯಮ ವರ್ಗ. ಮಧ್ಯಮ ವರ್ಗದ ಬೆನ್ನೆಲುಬು, ಮಧ್ಯಮ ವರ್ಗದ ಬೆವರು, ಮಧ್ಯಮ ವರ್ಗದ ಅಡುಗೆಮನೆ ಎಂದು ಶುರುಮಾಡಿದರೆ ಮೈಕಿನವನು ಹೋಗಿ ಟೀ ಕುಡಿದು ಬರಬಹುದಿತ್ತು. ಅದಕ್ಕೇ ಊರು ಅವರಿಗೆ ಮಧ್ಯಮಣ್ಣ ಎಂದು ನಾಮಕರಣ ಮಾಡಿತ್ತು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಬಿರುದು ಎಂದೇ ತಿಳಿದುಕೊಂಡಿದ್ದರು.

ಚುನಾವಣೆ ಘೋಷಣೆಯಾದ ವಾರ ಅವರು ಒಂದು ಅಂಗಿ ತಂದು ಕಾಲರ್ ತಿರುಗಿಸಿಕೊಡಿ ಎಂದರು. ನಮ್ಮವರು ಮನಸ್ಸಿಟ್ಟು ಮಾಡಿಕೊಟ್ಟರು. ಮಾರನೆಯ ದಿನ ಮಧ್ಯಮಣ್ಣ ಅದನ್ನು ಬೆಳಕಿಗೆ ಹಿಡಿದು ಮುಖ ಕಿವುಚಿದರು.

“ಏನ್ರೀ ಇದು, ಹೊಸ ಅಂಗಿ ಹಾಗೆ ಕಾಣ್ತಿದೆ? ತಿರುಗಿಸಿದ್ದು ಜನಕ್ಕೆ ಕಾಣ್ಬೇಕಲ್ವಾ?”

ಕೆಲಸ ಕಾಣುತ್ತಿದೆ ಎಂದು ದೂರಿದವರನ್ನು ನಾವು ನೋಡಿದ್ದೆವು, ಕಾಣುತ್ತಿಲ್ಲ ಎಂದು ದೂರಿದವರು ಇವರೊಬ್ಬರೇ. ನಮ್ಮವರು ಹೊಲಿಗೆ ಬಿಚ್ಚಿ, ಬಣ್ಣಕ್ಕೆ ಹೊಂದದ ದಾರದಲ್ಲಿ, ಸ್ವಲ್ಪ ಸೊಟ್ಟಗೆ ಮತ್ತೆ ಹೊಲಿದುಕೊಟ್ಟರು. ಆ ದಿನ ಅವರಿಗೆ ಊಟ ಸೇರಲಿಲ್ಲ. ಮಧ್ಯಮಣ್ಣ ಮಾತ್ರ ಊರೆಲ್ಲ ಆ ಕಾಲರ್ ಮುಟ್ಟಿ ಮುಟ್ಟಿ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡರು.

ಇನ್ನು ನಮ್ಮ ಸಾಲಿನ ಸಂಗತಿ. ಹೋಟೆಲಿನ ಹಿಂಗೋಡೆಗೆ ಅಂಟಿಕೊಂಡು ಏಳು ಅಂಗಡಿಗಳಿವೆ, ಎಲ್ಲವೂ ಹತ್ತಡಿಗೆ ಎಂಟಡಿ. ಮೊದಲನೆಯದು ಗಡಿಯಾರ ರಿಪೇರಿಯ ಅಜ್ಜನದು, ಮಧ್ಯದ್ದು ಪುಸ್ತಕಕ್ಕೆ ರಟ್ಟು ಹಾಕುವ ಬೈಂಡಿಂಗ್ ಅಕ್ಕನದು, ಕೊನೆಯದು ನಮ್ಮದು. ಕೊಡೆ, ಬೀಗದ ಕೈ, ಚಪ್ಪಲಿ, ಸ್ಟೌ ರಿಪೇರಿಯವರು ಉಳಿದ ನಾಲ್ಕರಲ್ಲಿ. ಒಟ್ಟಿನಲ್ಲಿ ಬಿಸಾಡಬೇಕು ಅನ್ನಿಸಿದ್ದನ್ನೆಲ್ಲ ಊರಿನವರು ಕೊನೆಯದಾಗಿ ತಂದು ತೋರಿಸುವ ಜಾಗ. ನೆಲ ನಗರಸಭೆಯದು, ನಮಗೆ ಗುತ್ತಿಗೆಗೆ ಕೊಟ್ಟಿದ್ದರು. ಆ ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತಿತ್ತು.

ಹೋಟೆಲ್ ಧಣಿಗೆ ಆ ನೆಲದ ಮೇಲೆ ಕಣ್ಣು. ಏಳು ಅಂಗಡಿ ಕೆಡವಿದರೆ ಎದುರಿನ ಬಯಲೂ ಸೇರಿ ನಲವತ್ತು ಕಾರು ನಿಲ್ಲಿಸಬಹುದು ಎಂದು ಅಳತೆ ಹಿಡಿಸಿ ನೋಡಿಬಿಟ್ಟಿದ್ದರು. ನೆಲ ಯಾರಿಗೆ ಎನ್ನುವುದು ಮಧ್ಯಮಣ್ಣನ ಒಂದು ಸಹಿಯಲ್ಲಿತ್ತು. ನಾವು ಎಂಟು ಸಲ ಅರ್ಜಿ ಕೊಟ್ಟಿದ್ದೆವು. ಎಂಟು ಸಲವೂ ಅವರು ಅದನ್ನು ಎದೆಗೊತ್ತಿಕೊಂಡು ಜೇಬಿಗೆ ಹಾಕಿಕೊಂಡಿದ್ದರು, ಆಮೇಲೆ ಸುದ್ದಿಯೇ ಇಲ್ಲ. ಅಂಗಡಿ ಹೋದರೆ ಹೊಲಿಗೆ ಯಂತ್ರ ಹೊತ್ತುಕೊಂಡು ಎಲ್ಲಿಗೆ ಹೋಗುವುದು ಎಂದು ನಾನು ದಿನಾ ಕೇಳುತ್ತಿದ್ದೆ. ನೋಡೋಣ ಎನ್ನುತ್ತಿದ್ದರು ನಮ್ಮವರು. ಹೆದರಿದಾಗ ಅವರು ಆಡುವ ಮಾತು ಅದೊಂದೇ.

ಹೀಗಿರುವಾಗ ಮಧ್ಯಮಣ್ಣನ ಕಾರ್ಯದರ್ಶಿ ಎರಡು ಬಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದ. ಒಂದು ಬೂದಿ ಬಣ್ಣದ ಒರಟು ಹತ್ತಿ, ಇನ್ನೊಂದು ಕಡುಗೆಂಪು ರೇಷ್ಮೆ. ಎರಡೂ ಸೇರಿ ತೋಳಿಲ್ಲದ ಒಂದೇ ಕೋಟು ಆಗಬೇಕಂತೆ. ಬರುವ ಶನಿವಾರ ಬೆಳಿಗ್ಗೆ ಸಾಹೇಬರು ನಮ್ಮ ಸಾಲಿಗೆ ಬರುತ್ತಾರೆ, ಮಧ್ಯಾಹ್ನ ಅದೇ ಹೋಟೆಲಿನಲ್ಲಿ ದೊಡ್ಡ ದೊಡ್ಡ ದೇಣಿಗೆದಾರರ ಜೊತೆ ಊಟ, ಸಾಯಂಕಾಲ ಮೈದಾನದಲ್ಲಿ ಮಧ್ಯಮ ವರ್ಗದ ಮಹಾಸಭೆ. ನಡುವೆ ಬಟ್ಟೆ ಬದಲಿಸಲು ಹೊತ್ತಿಲ್ಲ, ಮೇಲಾಗಿ ಕಾರಿನಿಂದ ಎಷ್ಟು ಸೂಟ್‌ಕೇಸ್ ಇಳಿಯಿತು ಎಂದು ಪತ್ರಿಕೆಯವರು ಬರೆಯುತ್ತಾರೆ. ಅದಕ್ಕೆ ಬೀದಿಯಲ್ಲಿ ಹತ್ತಿ ಹೊರಗೆ, ಊಟಕ್ಕೆ ರೇಷ್ಮೆ ಹೊರಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಎರಡೂ ಮಗ್ಗುಲಿಗೆ ಎದೆಯ ಹತ್ತಿರ ಬೇರೆ ಬೇರೆ ಜೇಬು ಬೇಕು ಎಂದು ಅವನು ಒತ್ತಿ ಹೇಳಿದ. ಬೀದಿಯ ಜನ ಕೊಡುವ ಅರ್ಜಿಗಳು ಹತ್ತಿ ಕಡೆಯ ಜೇಬಿಗೆ ಹೋಗುತ್ತವೆ, ಅವು ಅವನ ಕಸದ ಬುಟ್ಟಿಗೆ. ದೊಡ್ಡವರು ಕೊಡುವುದು ರೇಷ್ಮೆ ಕಡೆಯ ಜೇಬಿಗೆ, ಅದಕ್ಕೆ ಅಲ್ಲಿಯೇ ಆಗಲೇ ಸಹಿ. ಸಾಹೇಬರು ಕನ್ನಡಕ ಹಾಕಿದರೆ ವಯಸ್ಸಾದವರ ಹಾಗೆ ಕಾಣುತ್ತಾರೆ, ಅದಕ್ಕೇ ಓದುವ ಗೋಜಿಲ್ಲದೆ ಈ ಪದ್ಧತಿ ಮಾಡಿಕೊಂಡಿದ್ದಾರೆ ಎಂದೂ ಹೇಳಿ ನಕ್ಕ. ಇದನ್ನೆಲ್ಲ ನಮ್ಮೆದುರಿಗೇ ಹೇಳಿದ. ದರ್ಜಿಯ ಮುಂದೆ ಜನ ಮೈ ಮುಚ್ಚಿಕೊಳ್ಳುವುದಿಲ್ಲ, ಬಾಯನ್ನೂ ಮುಚ್ಚಿಕೊಳ್ಳುವುದಿಲ್ಲ. ನಮಗೂ ಕಿವಿ ಇದೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಅವನು ಹೋದ ಮೇಲೆ ನಾನು ಆ ಬಟ್ಟೆಯನ್ನು ಚರಂಡಿಗೆ ಎಸೆಯುತ್ತೇನೆ ಎಂದೆ. ನಮ್ಮವರಿಗೆ ನನ್ನ ಮಾತು ಕೇಳಿಸಲೇ ಇಲ್ಲ. ಒಳಗು ಎಂಬುದೇ ಇಲ್ಲದ ಕೋಟು! ಅಂಥದ್ದನ್ನು ಅವರು ಜೀವಮಾನದಲ್ಲಿ ಹೊಲಿದಿರಲಿಲ್ಲ. ಸೀಮೆಸುಣ್ಣ ಹಿಡಿದುಕೊಂಡು ಬಟ್ಟೆಯ ಸುತ್ತ ತಿರುಗುತ್ತಿದ್ದರು, ಮುಖದಲ್ಲಿ ಹೊಸ ಮದುವಣಿಗನ ಕಳೆ. ಮೂರು ದಿನ ಹೊಲಿದರು. ಹತ್ತಿ ಕಡೆಗೆ ಮರದ ಗುಂಡಿ, ರೇಷ್ಮೆ ಕಡೆಗೆ ಹೊಳೆಯುವ ಲೋಹದ ಗುಂಡಿ, ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಒಂದೇ ದಾರದಲ್ಲಿ ಹಚ್ಚಿದವಳು ನಾನು. ಬೈದುಕೊಂಡೇ ಹಚ್ಚಿದೆ, ಆದರೂ ಕೆಲಸ ಕೆಡಿಸಲು ಕೈ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮಧ್ಯಮಣ್ಣ ನಮ್ಮ ಸಾಲಿಗೆ ಬಂದರು. ಬೂದಿ ಬಣ್ಣದ ಹತ್ತಿ ಅವರ ಮೈಮೇಲೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೇ ಒಂದು ಗಳಿಗೆ ಅವರ ಮೇಲೆ ವಿಶ್ವಾಸ ಬಂತು. ಬೈಂಡಿಂಗ್ ಅಕ್ಕನ ಮುರುಕು ಸ್ಟೂಲಿನ ಮೇಲೆ ಕೂತರು, ಅಂಟಿನ ಡಬ್ಬಿ ಕೈಗೆತ್ತಿಕೊಂಡು ಫೋಟೋ ತೆಗೆಸಿಕೊಂಡರು, ಗಡಿಯಾರದ ಅಜ್ಜನನ್ನು ಅಪ್ಪಿಕೊಂಡರು. ಅಜ್ಜ ಒಂಬತ್ತನೆಯ ಅರ್ಜಿ ಕೊಟ್ಟರು. ಅಕ್ಕ ಮುದ್ದಾದ ಅಕ್ಷರದಲ್ಲಿ ಬರೆದದ್ದು, ಹತ್ತು ವರ್ಷಕ್ಕೆ ಗುತ್ತಿಗೆ ಮುಂದುವರಿಸಬೇಕು ಎಂದು ಕೇಳಿಕೊಂಡದ್ದು, ನಾಲ್ಕು ಮಡಿಕೆ ಮಾಡಿದ ಬಿಳಿ ಹಾಳೆ. ಇದು ಬುಟ್ಟಿಗೆ ಹೋಗುತ್ತದೆ ಎಂದು ನಾನು ಮೊದಲೇ ಹೇಳಿದ್ದೆ. ಕೊಡುವುದು ನಮ್ಮ ಕೆಲಸ, ಕೊಡೋಣ ಎಂದು ಅಜ್ಜ ಹಟ ಹಿಡಿದಿದ್ದರು. ಮಧ್ಯಮಣ್ಣ ಅದನ್ನು ಎದೆಗೊತ್ತಿಕೊಂಡು ಹತ್ತಿ ಕಡೆಯ ಜೇಬಿಗೆ ಇಳಿಸಿದರು.

ಕೋಟು ತಿರುಗಿಸಿದಾಗೆಲ್ಲ ಇಸ್ತ್ರಿ ತಾಗಿಸಬೇಕು, ಗುಂಡಿ ನೋಡಿಕೊಳ್ಳಬೇಕು. ಅದಕ್ಕೆಂದು ಆ ದಿನವಿಡೀ ಸಾಹೇಬರ ಹಿಂದೆ ಇರಲು ನಮ್ಮಿಬ್ಬರಿಗೂ ಹೇಳಿದ್ದರು. ಹೋಟೆಲಿನ ಒಂದು ಪಕ್ಕದ ಕೋಣೆಯಲ್ಲಿ ಕೋಟು ಬಿಚ್ಚಿ, ತಿರುಗಿಸಿ, ನಮ್ಮವರು ಇಸ್ತ್ರಿ ಎಳೆದರು. ಹತ್ತಿಯ ಮನುಷ್ಯ ಒಳಗೆ ಹೋಗಿ ರೇಷ್ಮೆಯ ಮನುಷ್ಯ ಹೊರಗೆ ಬಂದ. ನಡಿಗೆ ಕೂಡ ಬೇರೆಯಾಯಿತು, ದೇವರಾಣೆ.

ಒಂದು ಲೋಹದ ಗುಂಡಿ ಸಡಿಲವಾಗಿದ್ದರಿಂದ ನಾನು ಸೂಜಿ ಹಿಡಿದುಕೊಂಡು ಊಟದ ಕೋಣೆಯ ಬಾಗಿಲಲ್ಲಿ, ಎಂಜಲು ತಟ್ಟೆಗಳ ಪಕ್ಕದಲ್ಲಿ ನಿಂತಿದ್ದೆ. ಉದ್ದನೆಯ ಮೇಜಿನ ಸುತ್ತ ಇಪ್ಪತ್ತು ಜನ ಕೂತಿದ್ದರು. ಔಷಧಿ ಕಾರ್ಖಾನೆಯವರು, ಗೋದಾಮಿನವರು, ಬಂಗಲೆ ಕಟ್ಟಿ ಮಾರುವವರು, ನಡುವೆ ಹೋಟೆಲ್ ಧಣಿ. ಮಧ್ಯಮಣ್ಣ ಎದ್ದು ನಿಂತು ಅವರಿಗೆ ಬೆಣ್ಣೆ ಹಚ್ಚಿದ್ದೇ ಹಚ್ಚಿದ್ದು. ಮಧ್ಯಮ ವರ್ಗ ತಮ್ಮ ಹೃದಯವಂತೆ, ಆದರೆ ಈ ಮೇಜಿನಲ್ಲಿ ಕೂತವರು ತಮ್ಮ ಉಸಿರಂತೆ, ಉಸಿರಿಲ್ಲದೆ ಹೃದಯ ಎಷ್ಟು ಹೊತ್ತು ಬಡಿದೀತು ಎಂದು ಕೇಳಿದರು. ಎಲ್ಲರೂ ನಕ್ಕು ಚಮಚದಿಂದ ಲೋಟ ಬಡಿದರು.

ಊಟ ಮುಗಿಯುವ ಹೊತ್ತಿಗೆ ಧಣಿ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು, ತಮ್ಮ ಕೈಯಾರೆ ರೇಷ್ಮೆ ಜೇಬಿಗೆ ತುರುಕಿದರು. ಕಾರು ನಿಲ್ಲಿಸುವ ಜಾಗದ ವಿಷಯ, ಇವತ್ತೇ ಆಗಿಬಿಡಲಿ ಎಂದರು. ತಮ್ಮ ಪೆನ್ನನ್ನೂ ಕೊಟ್ಟರು. ಮನೆಯ ಆಲ್ಬಮ್ಮಿಗೆ ಬೇಕೆಂದು ಫೋಟೋದವನನ್ನು ಕರೆದರು. ಮಧ್ಯಮಣ್ಣ ಜೇಬಿಗೆ ಕೈ ಹಾಕಿ ಕಾಗದ ಎಳೆದು, ಕೊನೆಯ ಮಡಿಕೆಯನ್ನಷ್ಟೇ ಬಿಡಿಸಿ, ಕ್ಯಾಮೆರಾ ನೋಡುತ್ತ ಸಹಿ ಹಾಕಿದರು. ಧಣಿಯೂ ಕ್ಯಾಮೆರಾವನ್ನೇ ನೋಡುತ್ತಿದ್ದರು. ಸಹಿ ಹಾಕುವಾಗ ಕಾಗದ ನೋಡುವುದು ನಮ್ಮಂಥ ಸಣ್ಣವರ ಚಾಳಿ. ಕಾರ್ಯದರ್ಶಿ ಒಂದು ಕೈಯಲ್ಲಿ ಕೇಕಿನ ತಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮಂಜೂರಾತಿಯ ಮೊಹರು ಒತ್ತಿ, ಕಚೇರಿಯಲ್ಲಿ ದಾಖಲು ಮಾಡಿಸಿ ಅರ್ಜಿದಾರರಿಗೆ ಇವತ್ತೇ ಮುಟ್ಟಿಸು ಎಂದು ಮುದುಕ ಜವಾನನ ಕೈಗೆ ಕೊಟ್ಟ.

ಇಪ್ಪತ್ತೆರಡು ವರ್ಷ ಕೂತ ಸ್ಟೂಲು, ನನ್ನ ಮಗಳು ತೆವಳಲು ಕಲಿತ ನೆಲ, ಎಲ್ಲವೂ ಕೇಕು ತಿನ್ನುವಷ್ಟು ಹೊತ್ತಿನಲ್ಲಿ ಹೋಯಿತು ಎಂದು ದುಃಖ ಒತ್ತಿಬಂತು. ಆ ಗುಂಡಿ ಬಿದ್ದುಹೋಗಲಿ ಎಂದು ಬಿಟ್ಟು ಬಂದೆ. ಸಾಯಂಕಾಲದವರೆಗೆ ಕೆಲಸವಿಲ್ಲವೆಂದು ನಮ್ಮವರೂ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಜೊತೆಗೆ ಬಂದರು. ಸಾಲಿಗೆ ವಾಪಸಾಗಿ ಕಂಡದ್ದನ್ನೆಲ್ಲ ಹೇಳಿದೆ. ಬೈಂಡಿಂಗ್ ಅಕ್ಕ ಅಂಟು ಸವರುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಅಜ್ಜ ಸುಮ್ಮನೆ ಒಂದು ಗಡಿಯಾರಕ್ಕೆ ಕೀ ಕೊಡುತ್ತ ಕೂತರು. ಗೋಡೆಯ ಗಡಿಯಾರಗಳೆಲ್ಲ ಏನೂ ಆಗಿಲ್ಲವೆಂಬಂತೆ ಓಡುತ್ತಿದ್ದವು, ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಮೂರು ಗಂಟೆಗೆ ಆ ಜವಾನ ಏದುಸಿರು ಬಿಡುತ್ತ ಬಂದ. ಏಳು ಅಂಗಡಿಯ ಅರ್ಜಿದಾರರು ಯಾರು, ಇಲ್ಲಿ ಸಹಿ ಮಾಡಿ ಕಾಗದ ತಗೊಳ್ಳಿ ಎಂದ. ಖಾಲಿ ಮಾಡಿ ಎಂಬ ನೋಟೀಸು ಇಷ್ಟು ಬೇಗ ಬಂತೇ ಎಂದು ನಾನು ಕೈಯನ್ನೇ ಚಾಚಲಿಲ್ಲ. ಬೈಂಡಿಂಗ್ ಅಕ್ಕ ಬಿಡಿಸಿ ನೋಡಿದರು. ಅವರದೇ ಅಕ್ಷರ! ಕೆಳಗೆ ಮಧ್ಯಮಣ್ಣನ ಉದ್ದನೆಯ ಸಹಿ, ಅದರ ಮೇಲೆ ಮೊಹರು, ಮೂಲೆಯಲ್ಲಿ ಒಂದಿಷ್ಟು ಕೇಕಿನ ಕೆನೆ. ಹತ್ತು ವರ್ಷಕ್ಕೆ ಮಂಜೂರು.

“ಮೇಲೆ ಓದಿ ನೋಡ್ದೆ, ನಿಮ್ಮ ವಿಳಾಸ ಇತ್ತು,” ಎಂದ ಜವಾನ. ಆ ಕಚೇರಿಯಲ್ಲಿ ಕಾಗದ ಓದುವವನು ಅವನೊಬ್ಬನೇ ಎಂದು ಕಾಣುತ್ತದೆ.

ಆಮೇಲೆ ಅಲ್ಲಿ ನಡೆದದ್ದನ್ನು ಹೇಗೆ ಹೇಳಲಿ. ಎಪ್ಪತ್ತು ದಾಟಿದ ಅಜ್ಜ ಕುಣಿದರು. ಕೊಡೆಯವನು ರಿಪೇರಿಗೆ ಬಂದ ಕೊಡೆಗಳನ್ನೆಲ್ಲ ಬಿಚ್ಚಿಬಿಟ್ಟ. ಅಕ್ಕ ನನ್ನನ್ನು ತಬ್ಬಿಕೊಂಡು ನನ್ನ ಬೆನ್ನಿಗೆಲ್ಲ ಅಂಟು ಮೆತ್ತಿದರು. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ಹೇಗಾಯಿತು ಎಂದು ಯಾರೂ ಕೇಳಲಿಲ್ಲ, ಆಯಿತಲ್ಲ ಎಂಬುದೇ ಸಾಕಾಗಿತ್ತು.

ನಮ್ಮವರು ಮಾತ್ರ ಆ ಕಾಗದವನ್ನು ನೋಡಿ ಬಿಳಿಚಿಕೊಂಡು ಅಂಗಡಿಯೊಳಗೆ ಹೋಗಿ ಕೂತರು. ನಾನು ಹಿಂದೆಯೇ ಹೋದೆ. ಮೆಲ್ಲಗೆ ಬಾಯಿ ಬಿಟ್ಟರು. ಕೋಟಿಗೆ ಎರಡು ಜೇಬಿನ ಬಾಯಿ ಇಟ್ಟಿದ್ದರು, ಸರಿ. ಒಳಗಿನ ಚೀಲ ಮಾತ್ರ ಒಂದೇ. ಎರಡು ಚೀಲ ಇಟ್ಟರೆ ಎದೆಯ ಹತ್ತಿರ ಬಟ್ಟೆ ಉಬ್ಬಿ ರೇಷ್ಮೆ ಇಳಿಬೀಳುವ ಅಂದ ಕೆಡುತ್ತಿತ್ತು, ಮೇಲಾಗಿ ಯಾರೂ ಎರಡು ಮಗ್ಗುಲನ್ನು ಒಟ್ಟಿಗೆ ತೊಡುವುದಿಲ್ಲವಲ್ಲ ಎಂದುಕೊಂಡರಂತೆ. ಜೇಬು ಎಂದಾಗ ದರ್ಜಿಗೆ ಬಟ್ಟೆ ಕಾಣುತ್ತದೆಯೇ ಹೊರತು ಅದರೊಳಗೆ ಬೀಳುವ ಕಾಗದ ಕಾಣುವುದಿಲ್ಲ. ಹತ್ತಿ ಕಡೆಯಿಂದ ಹಾಕಿದ ನಮ್ಮ ಅರ್ಜಿ ರೇಷ್ಮೆ ಕಡೆಯಿಂದ ಕೈಗೆ ಬಂದಿತ್ತು. ಧಣಿಯ ಕಾಗದ ಇನ್ನೂ ಅದೇ ಚೀಲದಲ್ಲಿ ಬೆಚ್ಚಗೆ ಮಲಗಿತ್ತು.

ನಾನು ಅವರ ಎರಡೂ ಕೆನ್ನೆ ಹಿಡಿದು ನಕ್ಕೆ. ಅವರು ನಗಲಿಲ್ಲ. ಸಭೆ ಶುರುವಾಗುವ ಮೊದಲು ಹೋಗಿ ಸಾಹೇಬರಿಗೆ ಹೇಳಬೇಕು ಎಂದರು.

ನನ್ನ ನಗು ಅಲ್ಲೇ ನಿಂತಿತು. ಕೈಗೆ ಬಂದ ತುತ್ತನ್ನು ಕಾಗೆಗೆ ಹಾಕುತ್ತೀರಾ ಎಂದು ಕೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ ಎಂದೆ. ಏಳು ಮನೆಯ ಒಲೆ ಆರುತ್ತದೆ, ಅದರಲ್ಲಿ ನಮ್ಮದೂ ಒಂದು ಎಂದೆ. ಆ ಮನುಷ್ಯ ನಮ್ಮ ಎಂಟು ಅರ್ಜಿ ಬುಟ್ಟಿಗೆ ಹಾಕಿದ್ದನ್ನು ಬಂದು ಹೇಳಿದನೇ ಎಂದೂ ಕೇಳಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಕೆಲವು ಇಲ್ಲಿ ಬರೆಯುವಂಥವಲ್ಲ.

ಅವರು ಎಲ್ಲ ಕೇಳಿಸಿಕೊಂಡರು.

“ಹೊಲಿಗೆ ತಪ್ಪಿದ್ರೆ ಗಿರಾಕಿಗೆ ನಾವೇ ಹೇಳ್ಬೇಕು ಕಣೇ. ಅವರೇ ಕಂಡುಹಿಡಿದ್ರೆ ಇದು ಬೇಕಂತಲೇ ಮಾಡಿದ್ದು ಅಂತಾರೆ. ಆಗ ಅಂಗಡಿ ಇದ್ದೂ ಏನು ಮಾಡೋಣ?”

ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟರು. ಬಡಕಲು ಬೆನ್ನು, ಹೆಗಲ ಮೇಲೆ ಅಳತೆ ಟೇಪು. ಆ ಬೆನ್ನಿನ ಮೇಲೆ ನನಗೆ ಎಷ್ಟು ಕೋಪವಿತ್ತೋ ಅಷ್ಟೇ ಹೆಮ್ಮೆಯೂ ಇತ್ತು. ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು. ನಾನೂ ಹೊರಟೆ. ಸಹಿಯಾದ ಕಾಗದವನ್ನು ಅಕ್ಕನ ಕೈಯಿಂದ ಕಿತ್ತುಕೊಂಡು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಕೆಲಸವಿದೆ, ನೀವೂ ಮೈದಾನಕ್ಕೆ ಬನ್ನಿ ಎಂದು ಸಾಲಿಗೆಲ್ಲ ಹೇಳಿದೆ.

ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಮುಂದಿನ ಸಾಲಿನಲ್ಲಿ ಸೋಫಾ ಹಾಕಿ ದೇಣಿಗೆದಾರರನ್ನು ಕೂರಿಸಿದ್ದರು, ಹೋಟೆಲ್ ಧಣಿ ನಟ್ಟನಡುವೆ. ಅವರ ಹಿಂದೆ ಹಗ್ಗ ಕಟ್ಟಿದ್ದರು, ಹಗ್ಗದ ಹಿಂದೆ ಮಧ್ಯಮ ವರ್ಗ ನಿಂತಿತ್ತು. ವೇದಿಕೆಯ ಹಿಂದಿನ ಡೇರೆಯಲ್ಲಿ ಮಧ್ಯಮಣ್ಣ ರೇಷ್ಮೆ ಒಳಗೆ ಮಾಡಿ ಹತ್ತಿ ಹೊರಗೆ ಮಾಡಿಕೊಳ್ಳುತ್ತಿದ್ದರು. ನಮ್ಮವರು ಒಂದೂ ಬಿಡದೆ ಹೇಳಿದರು. ಮಧ್ಯಮಣ್ಣ ನಂಬದೆ ಜೇಬಿಗೆ ಕೈ ಹಾಕಿದರು. ಧಣಿಯ ಕಾಗದ ಬಂತು. ಕಾರ್ಯದರ್ಶಿಗೆ ಅದನ್ನು ಓದಲು ಹೇಳಿದರು. ಓದುತ್ತ ಓದುತ್ತ ಅವನ ದನಿ ಇಳಿದುಹೋಯಿತು.

ಮಧ್ಯಮಣ್ಣ ಕೂಗಾಡಲಿಲ್ಲ. ಅವರಿಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ.

“ಕಚೇರಿ ತಪ್ಪು ಅಂತ ಬರೆದು ನಾಳೆ ಬೆಳಿಗ್ಗೆ ರದ್ದು ಮಾಡು. ಇವತ್ತು ಯಾರಿಗೂ ಗೊತ್ತಾಗೋದು ಬೇಡ.”

ನನ್ನ ತಪ್ಪಿಗೆ ಆರು ಜನರನ್ನು ಶಿಕ್ಷಿಸಬೇಡಿ, ಬೇಕಾದರೆ ನನ್ನ ಅಂಗಡಿ ಒಂದನ್ನೇ ತೆಗೆಸಿ ಎಂದರು ನಮ್ಮವರು. ಡೇರೆಯ ಪರದೆಯ ಹಿಂದೆ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಾಗೋದು ಬೇಡ ಎಂಬ ಮಾತು ಮಾತ್ರ ಕಿವಿಯಲ್ಲೇ ಉಳಿಯಿತು. ಗೊತ್ತಾದರೆ? ಗೊತ್ತಾಗಿಬಿಟ್ಟರೆ?

ವೇದಿಕೆ ಖಾಲಿಯಿತ್ತು. ಮೈಕಿನವನು ಎಂದಿನಂತೆ ಟೀಗೆ ಹೋಗಿದ್ದ. ನಾನು ನಾಲ್ಕು ಮೆಟ್ಟಿಲು ಹತ್ತಿದೆ. ಆವರೆಗೆ ನಾನು ಮೈಕನ್ನು ಮುಟ್ಟಿದವಳಲ್ಲ. ಎಷ್ಟು ಜನ! ಹಿಂದೆ ಎಲ್ಲೋ ನಮ್ಮ ಅಜ್ಜನ ಬಿಳಿ ತಲೆ ಕಂಡಿತು, ಅದನ್ನೇ ನೋಡಿಕೊಂಡು ಶುರುಮಾಡಿದೆ.

“ನಾನು ಕಾಜಾ ಹಾಕೋಳು. ಹೋಟೆಲ್ ಹಿಂದಿನ ಸಾಲಲ್ಲಿ ನಮ್ಮದು ಏಳನೇ ಅಂಗಡಿ. ಇವತ್ತು ಮಧ್ಯಾಹ್ನ ಹೋಟೆಲಲ್ಲಿ ದೊಡ್ಡವರೆಲ್ಲ ಊಟಕ್ಕೆ ಕೂತಿದ್ದಾಗ, ಅವರೆಲ್ಲರ ಕಣ್ಣೆದುರೇ, ಸಾಹೇಬ್ರು ನಮ್ಮ ಏಳು ಅಂಗಡಿ ಕಾಗದಕ್ಕೆ ಸಹಿ ಹಾಕಿದ್ರು. ಹೋಟೆಲ್ ಧಣಿಗಳು ತಮ್ಮ ಪೆನ್ನನ್ನೇ ಕೊಟ್ರು, ಪಕ್ಕದಲ್ಲೇ ನಗ್ತಾ ನಿಂತಿದ್ರು. ಫೋಟೋನೂ ಇದೆ. ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದೀನಿ. ಇನ್ನು ಹತ್ತು ವರ್ಷ ನಿಮ್ಮ ಕಾಲರ್ ತಿರುಗಿಸೋಕೆ ನಾವು ಅಲ್ಲೇ ಇರ್ತೀವಿ. ಇಗೋ ಕಾಗದ.”

ಕೈಚೀಲದಿಂದ ತೆಗೆದು ಮೇಲೆತ್ತಿ ಹಿಡಿದೆ. ಆಮೇಲೆ ನಮ್ಮ ಅಜ್ಜ ಎಲ್ಲಿ ಕಲಿತಿದ್ದರೋ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ಮೈದಾನವೇ ಎದ್ದುನಿಂತಿತು. ಆ ಸಾಲಿನಲ್ಲಿ ಒಂದಲ್ಲ ಒಂದು ದಿನ ಚಪ್ಪಲಿಯನ್ನೋ ಕೊಡೆಯನ್ನೋ ಸರಿಮಾಡಿಸಿಕೊಳ್ಳದವರು ಈ ಊರಿನಲ್ಲಿ ಯಾರಿದ್ದಾರೆ? ಹಗ್ಗ ಕಳಚಿತು. ಕ್ಯಾಮೆರಾಗಳೆಲ್ಲ ಹೋಟೆಲ್ ಧಣಿಯ ಕಡೆ ತಿರುಗಿದವು. ಅವರು ಏನೋ ಹೇಳಲು ಅರ್ಧ ಎದ್ದಿದ್ದರು. ಜನ ಅವರಿಗೂ ಚಪ್ಪಾಳೆ ತಟ್ಟಿದ್ದರಿಂದ ಆ ಮಾತನ್ನು ನುಂಗಿ, ಕೈ ಬೀಸಿ, ಕೂತರು. (ಮಾರನೆಯ ದಿನ ಪತ್ರಿಕೆಯಲ್ಲಿ ಆ ಫೋಟೋ ಬಂದು, ಕಂಡವರೆಲ್ಲ ಅವರನ್ನು ಹೊಗಳಿ, ಈಗ ಹೋಟೆಲಿನ ನಲವತ್ತು ಜನರ ಯೂನಿಫಾರಂ ನಮ್ಮಲ್ಲೇ ಹೊಲಿಯುವುದು.)

ಮಧ್ಯಮಣ್ಣ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದರು. ಮೈಕು ಕಿತ್ತುಕೊಳ್ಳಲು ಕೈ ಚಾಚಿದವರು ಅರ್ಧದಲ್ಲೇ ನಿಂತರು. ಆ ಸದ್ದನ್ನು ಅವರು ಕೇಳಿಸಿಕೊಳ್ಳುತ್ತಿದ್ದರು. ಲಾರಿಯಲ್ಲಿ ತಂದಿಳಿಸಿದ ಜನರ ಚಪ್ಪಾಳೆ ಹೇಗಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು, ಅದು ಕೈ ಸನ್ನೆಗೆ ನಿಲ್ಲುತ್ತದೆ. ಇದು ನಿಲ್ಲುತ್ತಿರಲಿಲ್ಲ. ಅವರ ಕಿವಿ ಕೆಂಪಾಯಿತು. ಮೊದಲು ತುಟಿ ನಕ್ಕಿತು, ಆಮೇಲೆ ನಿಜವಾಗಿಯೂ ಮುಖ ನಕ್ಕಿತು. ಮೈಕಿನ ಮುಂದೆ ನಿಂತು, ಮಧ್ಯಮ ವರ್ಗದ ಬೆನ್ನೆಲುಬು ಗಿನ್ನೆಲುಬು ಎಲ್ಲ ಮರೆತು, ಒಂದೇ ಮಾತು ಆಡಿದರು.

“ಹತ್ತು ವರ್ಷ ಯಾಕೆ? ಇಪ್ಪತ್ತು ಅಂತ ಬರ್ಕೊಳ್ಳಿ!”

ಡೇರೆಯ ಬಾಗಿಲಲ್ಲಿ ಕಾರ್ಯದರ್ಶಿ ಹಣೆ ಚಚ್ಚಿಕೊಂಡ. ಮಧ್ಯಮಣ್ಣ ಅಲ್ಲೇ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಹತ್ತನ್ನು ಹೊಡೆದು ಇಪ್ಪತ್ತು ಎಂದು ಬರೆದು, ಪಕ್ಕದಲ್ಲಿ ಇನ್ನೊಂದು ಸಹಿ ಹಾಕಿದರು. ಈ ಸಲ ಕಾಗದ ನೋಡಿಕೊಂಡೇ ಹಾಕಿದರು. ಎಲ್ಲರೆದುರು ಕನ್ನಡಕವನ್ನೂ ಹಾಕಿಕೊಂಡರು, ಪಾಪ.

ಸಭೆ ಮುಗಿದ ಮೇಲೆ ಹಿಂದೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ನಮ್ಮ ಪಕ್ಷಕ್ಕೆ ಬರ್ತೀರೇನಮ್ಮಾ, ನಿಮ್ಮಂಥವರು ಬೇಕು ಎಂದು ಕೇಳಿದರು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಅಂಗಡಿ ಬಿಟ್ಟು ಬರಲು ಇಪ್ಪತ್ತು ವರ್ಷ ಪುರುಸೊತ್ತಿಲ್ಲ ಸಾಹೇಬ್ರೆ ಎಂದೆ. ಗಟ್ಟಿಯಾಗಿ ನಕ್ಕು ಕಾರು ಹತ್ತಿದರು.

ಇನ್ನೂ ಬಿಸಿಲಿತ್ತು. ನಾವಿಬ್ಬರೂ ನಡೆದುಕೊಂಡೇ ಹೊರಟೆವು. ನಮ್ಮವರು ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿದ್ದರು. ಸುಳ್ಳು ಹೇಳಿದೆ ಎಂದು ಮುನಿಸಿಕೊಂಡಿದ್ದಾರೇನೋ ಎಂದು, ನಾನು ಆಡಿದ್ದರಲ್ಲಿ ಯಾವ ಮಾತು ಸುಳ್ಳು ಹೇಳಿ ನೋಡೋಣ ಎಂದೆ. ಅವರು ಒಂದೊಂದನ್ನೇ ಮನಸ್ಸಿನಲ್ಲಿ ಬಿಚ್ಚಿ ನೋಡುತ್ತ ಬಂದರು. ಮೂಲೆ ತಿರುಗುವ ಹೊತ್ತಿಗೆ, ಒಂದೂ ಇಲ್ಲ ಎಂದು ಒಪ್ಪಿಕೊಂಡರು.

ಅವರು ಮೊದಲೇ ಹೋಗಿ ಹೇಳದಿದ್ದರೆ ನಾನು ಮೈಕು ಹಿಡಿಯುತ್ತಿರಲಿಲ್ಲ, ನಾಳೆಯೋ ನಾಡಿದ್ದೋ ವಿಷಯ ಬಯಲಾಗಿ ಆ ಕಾಗದ ಹರಿದುಹೋಗುತ್ತಿತ್ತು ಎಂಬುದು ನನಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ನಾನು ಬೈದದ್ದು ತಪ್ಪಾಯಿತು ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವರು ಗಾಬರಿಯಾಗಿ ನಡು ರಸ್ತೆಯಲ್ಲೇ ನಿಂತರು. ಆಮೇಲೆ ಇಬ್ಬರೂ ನಕ್ಕೆವು, ದಾರಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ನಕ್ಕೆವು.

“ಇಪ್ಪತ್ತು ವರ್ಷ ಅಂದ್ರೆ ನಂಗೆ ಎಪ್ಪತ್ತಾಗತ್ತೆ ಕಣೇ,” ಎಂದರು. “ಆಗ ಕಣ್ಣು ಎಲ್ಲಿ ಕಾಣ್ಬೇಕು? ಸೂಜಿಗೆ ದಾರ ಪೋಣಿಸೋರು ಯಾರು?”

ಎರಡು ವರ್ಷದಿಂದ ನಾನು ದಿನಾ ಬೆಳಿಗ್ಗೆ ಅವರಿಗಿಂತ ಮೊದಲು ಅಂಗಡಿಗೆ ಹೋಗಿ ಹತ್ತು ಸೂಜಿಗೆ ದಾರ ಪೋಣಿಸಿ ಅವರ ಕೈಗೆ ಸಿಗುವ ಕಡೆ ಚುಚ್ಚಿಟ್ಟಿರುತ್ತೇನೆ. ಅವರ ಕಣ್ಣು ಮಂಜಾಗುತ್ತಿರುವುದು ನನಗೆ ತಿಳಿದಿದೆ ಎಂದು ಅವರಿಗೆ ಗೊತ್ತಾಗಬಾರದು ಎಂದು ಹೇಳಿರಲಿಲ್ಲ. ಈಗ ಹೇಳಿದೆ.

“ಗೊತ್ತು,” ಎಂದರು. “ಅದಕ್ಕೇ ದಿನಾ ತಡವಾಗಿ ಬರ್ತೀನಿ.”